ಕರಿಬೇವಿನ ಗಿಡದೊಂದಿಗೆ ಟೊರಾಂಟೊದಿಂದ ಕ್ಯಾಲ್ಗರಿಗೆ

ಮನೆ ಸಾಮಾನು ಸಾಗಿಸುವವರು ಕೊಟ್ಟ ಪಟ್ಟಿಯಲ್ಲಿ, ಲಾರಿಗೆ ಹಾಕಬಾರದ ವಸ್ತುಗಳ ಸಾಲಿನಲ್ಲಿ, ಗ್ಯಾಸ್ ಸಿಲಿಂಡರ್ ಮತ್ತು ಬಣ್ಣದ ಡಬ್ಬಿಗಳ ನಂತರ ‘ಗಿಡಗಳು’ ಎಂದು ಬರೆದಿತ್ತು. ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಗಿಡ, ಬೀಜದಿಂದ ಎಬ್ಬಿಸಿ ಆರು ವರ್ಷ ಸಾಕಿದ ಕರಿಬೇವು. ಸಾಗರದ ನಮ್ಮ ಹಿತ್ತಿಲಿನಲ್ಲಿ ಕರಿಬೇವು ತನ್ನಷ್ಟಕ್ಕೆ ಮರವಾಗಿ ಬೆಳೆಯುತ್ತದೆ, ಯಾರೂ ನೀರು ಹಾಕುವುದಿಲ್ಲ. ಟೊರಾಂಟೊದಲ್ಲಿ ಅದೇ ಗಿಡವನ್ನು ಆರು ಚಳಿಗಾಲ ಕಿಟಕಿಯ ಪಕ್ಕದಲ್ಲಿ ಕೂಸಿನಂತೆ ಕಾಯ್ದಿದ್ದೆ. ಅದನ್ನು ಬಿಟ್ಟು ಹೋಗುವ ಮಾತೇ ಇರಲಿಲ್ಲ.

ನನ್ನ ಪತಿಗೆ ಕ್ಯಾಲ್ಗರಿಯಲ್ಲಿ ಕೆಲಸ ಸಿಕ್ಕಿತ್ತು, ಫೆಬ್ರವರಿ ಮೊದಲ ವಾರ ಸೇರಬೇಕು. ಬಾಡಿಗೆ ಮನೆಯ ಅವಧಿ ಜನವರಿಗೆ ಮುಗಿಯುತ್ತಿತ್ತು. ಕೆನಡಾದ ಈ ಎರಡು ಊರುಗಳ ನಡುವೆ ಸುಮಾರು 3,400 ಕಿಲೋಮೀಟರ್. ವಿಮಾನದಲ್ಲಿ ಹೋಗಿ ಕಾರನ್ನು ರೈಲಿನಲ್ಲಿ ಕಳುಹಿಸಿ ಎಂದು ಸ್ನೇಹಿತರು ಹೇಳಿದರು. ಚಳಿಗಾಲದಲ್ಲಿ ಈ ದಾರಿ ಹಿಡಿಯುವ ಎಷ್ಟೋ ಜನ ದಕ್ಷಿಣಕ್ಕೆ ಇಳಿದು ಅಮೆರಿಕದ ಒಳಗಿನಿಂದ ಹೋಗುತ್ತಾರೆ, ಅಲ್ಲಿ ರಸ್ತೆ ಅಗಲ, ಊರುಗಳು ಹತ್ತಿರ ಹತ್ತಿರ. ನಮ್ಮ ಅಮೆರಿಕ ವೀಸಾ ಮುಗಿದಿತ್ತು. ಕುಂಡದ ಮಣ್ಣು ಸಮೇತ ಗಿಡವನ್ನು ಗಡಿ ದಾಟಿಸುವುದೂ ಸುಲಭವಲ್ಲ. ಹಾಗಾಗಿ ನಾವು ಹಿಡಿದದ್ದು ಕೆನಡಾದೊಳಗಿನ ದಾರಿ: ಸುಪೀರಿಯರ್ ಸರೋವರದ ಉತ್ತರ ದಂಡೆಯ 17ನೇ ಹೆದ್ದಾರಿ. ಸಡ್ಬರಿಯಿಂದ ಮ್ಯಾನಿಟೋಬಾ ಗಡಿಯವರೆಗೆ ಬಹುಪಾಲು ಅದು ಎರಡೇ ಪಥದ ರಸ್ತೆ. ಒಂದು ಬದಿ ಬಂಡೆ, ಇನ್ನೊಂದು ಬದಿ ಕಾಡು ಅಥವಾ ನೀರು.

ನಾವು ಇಟ್ಟುಕೊಂಡ ಕಟ್ಟುಪಾಡುಗಳು ಎರಡೇ. ಮಧ್ಯಾಹ್ನ ಮೂರೂವರೆಯೊಳಗೆ ಆ ದಿನದ ಕೋಣೆ ಸೇರಿರಬೇಕು. ಪೆಟ್ರೋಲ್ ಅರ್ಧ ಟ್ಯಾಂಕಿಗಿಂತ ಕೆಳಗೆ ಇಳಿಯಬಾರದು. ಮೊದಲನೆಯದು ಕತ್ತಲಿಗೆ ಮತ್ತು ಮೂಸ್‌ಗಳಿಗೆ ಹೆದರಿ. ಕುದುರೆಗಿಂತ ಎತ್ತರದ ಆ ಕಡವೆಜಾತಿಯ ಪ್ರಾಣಿ ರಸ್ತೆಯ ಉಪ್ಪು ನೆಕ್ಕಲು ಬರುತ್ತದೆ. ಮೈಬಣ್ಣ ಕಡುಗಂದು, ರಾತ್ರಿ ದೀಪದ ಬೆಳಕಿಗೆ ಸಿಕ್ಕುವ ಹೊತ್ತಿಗೆ ತಡವಾಗಿರುತ್ತದೆ. ಎರಡನೆಯದಕ್ಕೆ ಕಾರಣ, ಹಿಮದಲ್ಲಿ ಸಿಕ್ಕಿಬಿದ್ದರೆ ಬೆಚ್ಚಗಿರಲು ಇಂಜಿನ್ ಒಂದೇ ದಿಕ್ಕು. ಗಂಟೆಗೆ ಹತ್ತು ನಿಮಿಷ ಓಡಿಸಿ ನಿಲ್ಲಿಸಬೇಕು. ಓಡಿಸುವ ಮೊದಲು ಕೆಳಗಿಳಿದು ಸೈಲೆನ್ಸರ್ ಕೊಳವೆಯ ಬಾಯಿಗೆ ಕಟ್ಟಿದ ಹಿಮ ತೆಗೆಯಬೇಕು. ತೆಗೆಯದಿದ್ದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಒಳಗೆ ನುಗ್ಗುತ್ತದೆ, ಅದಕ್ಕೆ ವಾಸನೆಯಿಲ್ಲ. ಈ ಮಾತನ್ನು ಏಳು ವರ್ಷದ ಮಗಳಿಗೂ ಬಾಯಿಪಾಠ ಮಾಡಿಸಿದ್ದೆ.

ಕಾರಿನ ಸಿದ್ಧತೆಗೆ ಎರಡು ವಾರ ಹಿಡಿಯಿತು. ಟೈರುಗಳು ಚಳಿಗಾಲದವೇ, ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳಿನ ಗುರುತು ಇರುವಂಥವು. ಐದು ವರ್ಷದ ಬ್ಯಾಟರಿಯನ್ನು ಬದಲಾಯಿಸಿದೆವು. ಗಾಜು ತೊಳೆಯುವ ದ್ರವವನ್ನು ಮೈನಸ್ 40ರವರೆಗೆ ಹೆಪ್ಪುಗಟ್ಟದ್ದಕ್ಕೆ ಬದಲಿಸಿದೆವು. ಟೊರಾಂಟೊದಲ್ಲಿ ಯಾರೂ ಅಷ್ಟಾಗಿ ಯೋಚಿಸದ ಬ್ಲಾಕ್ ಹೀಟರ್ ಹಾಕಿಸಿದೆವು. ಇಂಜಿನ್ನಿಗೆ ಅಂಟಿಕೊಂಡ ಪುಟ್ಟ ಹೀಟರ್ ಅದು. ಅದರ ವಯರು ಕಾರಿನ ಮೂತಿಯಿಂದ ಹೊರಗೆ ಇಣುಕುತ್ತದೆ, ರಾತ್ರಿ ವಿದ್ಯುತ್ತಿಗೆ ಸಿಕ್ಕಿಸಬೇಕು. ಡಿಕ್ಕಿಯಲ್ಲಿ ಸಲಿಕೆ, ಮರಳಿನ ಚೀಲ, ಎಳೆಯುವ ಹಗ್ಗ, ಜಂಪರ್ ಕೇಬಲ್, ದಪ್ಪ ಮೇಣದಬತ್ತಿ, ಮೂರು ಕಂಬಳಿ. ಊಟದ ಚೀಲದಲ್ಲಿ ಅವಲಕ್ಕಿ, ಚಟ್ನಿಪುಡಿ, ಕಡಲೆಕಾಯಿ ಚಿಕ್ಕಿ, ನೀರು ಸೇರಿಸಿದರೆ ಸಾಕಾಗುವ ಹುರಿಹಿಟ್ಟು. ಬಾಳೆಹಣ್ಣು ಮತ್ತು ಮೊಸರನ್ನು ಬೇಕೆಂದೇ ಬಿಟ್ಟೆ.

ಗಿಡಕ್ಕೆ ಬೇರೆಯದೇ ಸಿದ್ಧತೆ. ಹೊರಡುವ ವಾರ ಗೆಲ್ಲುಗಳನ್ನು ಅರ್ಧಕ್ಕೆ ಸವರಿದೆ. ಮೂರು ದಿನ ಮೊದಲೇ ನೀರು ನಿಲ್ಲಿಸಿದೆ. ಒದ್ದೆ ಮಣ್ಣು ಹೆಪ್ಪುಗಟ್ಟಿದರೆ ಬೇರು ಉಳಿಯುವುದಿಲ್ಲ. ಕುಂಡಕ್ಕೆ ಹಳೆಯ ಸ್ವೆಟರ್ ಸುತ್ತಿ, ಇಡೀ ಗಿಡವನ್ನು ಹತ್ತಿ ಸೀರೆಯಲ್ಲಿ ಸಡಿಲವಾಗಿ ಮುಚ್ಚಿ, ಟಿವಿ ಬಂದಿದ್ದ ರಟ್ಟಿನ ಪೆಟ್ಟಿಗೆಯಲ್ಲಿ ನಿಲ್ಲಿಸಿದೆ. ಜಾಗ ಮಗಳ ಕಾಲಿನ ಪಕ್ಕ. ಕಾರು ಬೆಚ್ಚಗಾಗದೆ ಗಿಡ ಕೋಣೆಯಿಂದ ಹೊರಗೆ ಬರುವಂತಿಲ್ಲ. ಕಾರು ನಿಂತರೆ ಅದನ್ನು ಒಳಗೆ ಬಿಡುವಂತಿಲ್ಲ. ಹತ್ತು ದಿನ, ಪ್ರತಿ ಬೆಳಿಗ್ಗೆ ಮತ್ತು ಸಂಜೆ, ಮೊದಲು ಗಿಡ, ಆಮೇಲೆ ಮಿಕ್ಕ ಸಾಮಾನು.

ಮೊದಲ ದಿನ ಸಡ್ಬರಿಯವರೆಗೆ 400 ಕಿಲೋಮೀಟರ್. ಬ್ಯಾರಿ ದಾಟಿದ ಮೇಲೆ ಸರೋವರದ ಕಡೆಯಿಂದ ಬೀಸುವ ಹಿಮದ ಪಟ್ಟಿಗಳು ಶುರುವಾದವು. ಇನ್ನೂ ಹೆಪ್ಪುಗಟ್ಟದ ನೀರಿನ ಮೇಲೆ ಹಾದುಬರುವ ಒಣ ಚಳಿಗಾಳಿ ತೇವ ಹೀರಿಕೊಂಡು ದಂಡೆಯ ಮೇಲೆ ಸುರಿದುಬಿಡುತ್ತದೆ. ಐದು ನಿಮಿಷ ಬಿಸಿಲು, ಮರು ತಿರುವಿನಲ್ಲಿ ಎದುರಿಗೆ ಬಿಳಿ ಗೋಡೆ. ಜುಲೈ ತಿಂಗಳಲ್ಲಿ ಆಗುಂಬೆ ಘಾಟಿ ಇಳಿದವರಿಗೆ ಮಂಜಿನಲ್ಲಿ ಕಣ್ಣು ಕಾಣದ ಅನುಭವ ಹೊಸದಲ್ಲ. ಆದರೆ ಅಲ್ಲಿ ಬಸ್ಸುಗಳು ಹಾರನ್ ಹೊಡೆಯುತ್ತಾ ನಿಧಾನವಾಗಿ ಬರುತ್ತವೆ. ಇಲ್ಲಿ ಎದುರಿನವರೂ ನೂರರ ವೇಗದಲ್ಲಿ ಬರುತ್ತಿರುತ್ತಾರೆ. ಎರಡನೆಯ ದಿನ ಸೂ ಸೇಂಟ್ ಮರಿ, ಕೇವಲ 300 ಕಿಲೋಮೀಟರ್. ಮಧ್ಯಾಹ್ನ ಒಂದು ಗಂಟೆಗೇ ಮುಟ್ಟಿದೆವು. “ಇನ್ನೂ ಬೆಳಕಿದೆ, ವಾವಾವರೆಗೆ ಹೋಗಿಬಿಡೋಣ” ಎಂದರು ಪತಿ. ಅದು ಇನ್ನೂ 225 ಕಿಲೋಮೀಟರ್, ನಡುವೆ ಹೆಚ್ಚಿನ ಹೊತ್ತು ಮೊಬೈಲ್ ಸಂಕೇತವೂ ಇರುವುದಿಲ್ಲ. ಬೇಡ ಎಂದೆ. ಆ ಸಂಜೆ ನಮ್ಮಿಬ್ಬರ ನಡುವೆ ಮಾತು ಕಡಿಮೆಯಿತ್ತು.

ತಪ್ಪು ನಡೆದದ್ದು ಮೂರನೆಯ ದಿನ, ನನ್ನ ಕೈಯಲ್ಲಿ. ಮೈನಸ್ 2 ಡಿಗ್ರಿ, ಹದವಾದ ಹವೆ, ರಸ್ತೆ ಬರೀ ಒದ್ದೆಯಾಗಿರುವಂತೆ ಕಪ್ಪಗೆ ಹೊಳೆಯುತ್ತಿತ್ತು. ಕಾಲಿಗೆ ವಿಶ್ರಾಂತಿ ಕೊಡಲು ಕ್ರೂಸ್ ಕಂಟ್ರೋಲ್ ಹಾಕಿದೆ. ಮಾಂಟ್ರಿಯಲ್ ರಿವರ್‌ನ ದೊಡ್ಡ ಏರು ಸಿಗುವುದಕ್ಕೆ ಸ್ವಲ್ಪ ಮೊದಲು, ಬಂಡೆಯ ನೆರಳು ಬಿದ್ದ ತಿರುವಿನಲ್ಲಿ ಕಾರಿನ ಹಿಂಭಾಗ ಸದ್ದಿಲ್ಲದೆ ಎಡಕ್ಕೆ ಸರಿಯಿತು. ಕ್ರೂಸ್ ಕಂಟ್ರೋಲಿಗೆ ರಸ್ತೆ ಜಾರುತ್ತಿದೆ ಎಂದು ತಿಳಿಯುವುದಿಲ್ಲ, ಅದು ಹೇಳಿದ ವೇಗ ಕಾಯಲು ಇಂಜಿನ್ ಎಳೆಯುತ್ತಲೇ ಇರುತ್ತದೆ. ಬ್ರೇಕ್ ಒತ್ತಿದಾಗ ಅದು ಬಿಟ್ಟುಕೊಂಡಿತು, ಜೊತೆಗೆ ಟೈರಿನ ಹಿಡಿತವೂ ಹೋಯಿತು. ಹೋಗಬೇಕಾದ ದಿಕ್ಕನ್ನೇ ನೋಡುತ್ತಾ ಸ್ಟಿಯರಿಂಗ್ ಮೆಲ್ಲಗೆ ತಿರುಗಿಸಿದೆ. ಕಾರು ಬಲಗಡೆಯ ಹಿಮದ ದಿಬ್ಬದಲ್ಲಿ ಅರ್ಧ ಹೂತು ನಿಂತಿತು. ಎದುರಿನಿಂದ ಆ ಕ್ಷಣ ಯಾರೂ ಬರಲಿಲ್ಲ. ಮಗಳು ಎರಡೂ ಕೈಗಳಿಂದ ಗಿಡದ ಪೆಟ್ಟಿಗೆಯನ್ನು ತಬ್ಬಿಕೊಂಡಿದ್ದಳು.

ನಲವತ್ತು ನಿಮಿಷ ಸಲಿಕೆ ಹಿಡಿದೆವು, ಚಕ್ರದ ಮುಂದೆ ಮರಳು ಸುರಿದು ಹೊರಬಂದೆವು. ಆ ದಿನ ಕಲಿತದ್ದನ್ನು ಎಲ್ಲರಿಗೂ ಹೇಳುತ್ತೇನೆ. ಮೈನಸ್ 30ರ ರಸ್ತೆಗಿಂತ ಮೈನಸ್ 2ರ ರಸ್ತೆ ಹೆಚ್ಚು ಜಾರುತ್ತದೆ. ಸೊನ್ನೆಯ ಹತ್ತಿರ ಮಂಜುಗಡ್ಡೆಯ ಮೇಲ್ಮೈ ನೀರಾಡುತ್ತದೆ. ಕಡುಚಳಿಯಲ್ಲಿ ಅದು ಒಣಗಿ ಒರಟಾಗಿ ಟೈರಿಗೆ ಸ್ವಲ್ಪವಾದರೂ ಹಿಡಿತ ಕೊಡುತ್ತದೆ. ನಾವೆಲ್ಲ ಥರ್ಮಾಮೀಟರ್ ನೋಡಿ ಹೆದರುವುದು ತಿರುಗುಮುರುಗಾಗಿ.

ವಾವಾ ಮುಟ್ಟುವಾಗ ಹಿಮ ದಟ್ಟವಾಗಿ ಬೀಳುತ್ತಿತ್ತು. ಊರಿನ ಬಾಗಿಲಲ್ಲಿ ಉಕ್ಕಿನ ದೊಡ್ಡ ಹೆಬ್ಬಾತು ರೆಕ್ಕೆ ಬಿಚ್ಚಿ ನಿಂತಿದೆ. ಅಲ್ಲಿನ ಮೂಲನಿವಾಸಿಗಳ ಒಜಿಬ್ವೆ ಭಾಷೆಯಲ್ಲಿ ಊರಿನ ಹೆಸರಿಗೆ ಅದೇ ಅರ್ಥವಂತೆ. ಅದರ ಕಾಲಷ್ಟೇ ಕಾಣಿಸಿತು. ಮುಂದಿನ ಹೆದ್ದಾರಿಯನ್ನು ಮುಚ್ಚಿದ್ದರು. ಇಲ್ಲಿ ರಸ್ತೆ ಮುಚ್ಚಿದರೆ ಹತ್ತಿರದ ಬಳಸುದಾರಿ ಎಂಬುದಿಲ್ಲ. ಮರುದಿನವೂ ತೆರೆಯಲಿಲ್ಲ. ಮೋಟೆಲ್ ಅಂಗಳದ ತುಂಬ ಲಾರಿಗಳು, ಓಡಿಸುವವರಲ್ಲಿ ಅರ್ಧದಷ್ಟು ಪಂಜಾಬಿನ ಹುಡುಗರು. ಒಬ್ಬರು ನನ್ನ ಗಿಡವನ್ನು ನೋಡಿ ಹತ್ತಿರ ಬಂದರು. ಚಟ್ನಿಪುಡಿ ಕೊಟ್ಟೆ, ಅವರು ಮೂಲಂಗಿ ಪರಾಠ ಕೊಟ್ಟರು. ವಾರಕ್ಕೊಮ್ಮೆ ಈ ದಾರಿಯಲ್ಲಿ ಹೋಗುವವರು.

“ಬೆಹನ್‌ಜೀ, ಎದುರಿನಿಂದ ಲಾರಿ ಬರುವುದು ಕಂಡ ಕೂಡಲೇ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ” ಎಂದರು ಹಿಂದಿಯಲ್ಲಿ. “ನಾವು ದಾಟಿದ ಮೇಲೆ ನಾಲ್ಕೈದು ಸೆಕೆಂಡ್ ನಿಮಗೆ ಏನೂ ಕಾಣುವುದಿಲ್ಲ. ಆಗ ಬ್ರೇಕ್ ಒತ್ತಬೇಡಿ, ಸ್ಟಿಯರಿಂಗ್ ನೆಟ್ಟಗೆ ಹಿಡಿದಿರಿ. ನಮ್ಮ ಹಿಂದೆ ಅಂಟಿಕೊಂಡು ಮಾತ್ರ ಬರಬೇಡಿ, ನಮ್ಮ ಕೆಂಪು ದೀಪವನ್ನು ನಂಬಬೇಡಿ. ನಾವು ಹೊಂಡಕ್ಕೆ ಹೋದರೆ ನೀವೂ ಅಲ್ಲಿಗೇ ಬರುತ್ತೀರಿ.” ಮುಂದಿನ 2,500 ಕಿಲೋಮೀಟರಿನಲ್ಲಿ ಈ ಮಾತು ಎಷ್ಟು ಸಲ ಉಪಯೋಗಕ್ಕೆ ಬಂತೋ ಲೆಕ್ಕವಿಲ್ಲ. ಆ ಎರಡನೆಯ ರಾತ್ರಿ ಪತಿ ತಾವಾಗಿಯೇ ಹೇಳಿದರು, “ಸೂನಲ್ಲಿ ನಿಂತದ್ದು ಒಳ್ಳೆಯದಾಯಿತು.” ಕತ್ತಲಲ್ಲಿ ಆ ತಿರುವು ಸಿಕ್ಕಿದ್ದರೆ ಎಂದು ಇಬ್ಬರೂ ಬಾಯಿ ಬಿಟ್ಟು ಹೇಳಲಿಲ್ಲ.

ಐದನೆಯ ದಿನ ಆಕಾಶ ತೊಳೆದಿಟ್ಟಂತೆ ನೀಲಿ, ಚಳಿ ಮೈನಸ್ 31. ವಾವಾದಿಂದ ಥಂಡರ್ ಬೇವರೆಗೆ 480 ಕಿಲೋಮೀಟರ್. ಟೈರಿನ ಗಾಳಿ ಕಡಿಮೆ ಎಂಬ ದೀಪ ಹೊತ್ತಿಕೊಂಡಿತು. ಟೈರು ತೂತಾಗಿರಲಿಲ್ಲ, ಉಷ್ಣಾಂಶ ಐದಾರು ಡಿಗ್ರಿ ಇಳಿದಂತೆಲ್ಲ ಒತ್ತಡ ಸುಮಾರು ಒಂದು ಪಿಎಸ್‌ಐ ಇಳಿಯುತ್ತದೆ. ವೈಟ್ ರಿವರ್‌ನಲ್ಲಿ ಗಾಳಿ ತುಂಬಿಸಿದೆವು. ರಸ್ತೆಯಲ್ಲಿ ಉಪ್ಪಿನ ಬದಲು ಮರಳು ಹಾಸಿದ್ದರು, ಅಷ್ಟು ಚಳಿಗೆ ಉಪ್ಪು ಕೆಲಸ ಮಾಡುವುದಿಲ್ಲ. ನಿಪಿಗಾನ್ ನದಿಯ ಸೇತುವೆ ದಾಟುವಾಗ ನಾನು ಉಸಿರು ಬಿಗಿ ಹಿಡಿದಿದ್ದೆ. 2016ರ ಜನವರಿ 10ರಂದು, ತೆರೆದು ಎರಡು ತಿಂಗಳೂ ಆಗಿರದ ಇದೇ ಸೇತುವೆ ಬೋಲ್ಟುಗಳು ಮುರಿದು ಒಂದು ತುದಿಯಲ್ಲಿ ಸುಮಾರು ಎರಡು ಅಡಿ ಮೇಲೆದ್ದಿತ್ತು. ಪೂರ್ವ ಮತ್ತು ಪಶ್ಚಿಮ ಕೆನಡಾಗಳ ನಡುವಿನ ಒಂದೇ ರಸ್ತೆ ಅಲ್ಲಿ ಕಡಿದುಹೋಗಿ, ಮರುದಿನ ಒಂದು ಪಥ ತೆರೆಯುವವರೆಗೆ ದೇಶ ಎರಡು ತುಂಡಾಗಿತ್ತು. ಈಗ ಅದು ಭದ್ರವಾಗಿದೆ. ಕೆಳಗೆ ನದಿಯ ಮೇಲೆ ಆವಿ ಏಳುತ್ತಿತ್ತು.

ಥಂಡರ್ ಬೇ ಹತ್ತಿರ ಟೆರ‍್ರಿ ಫಾಕ್ಸ್ ಸ್ಮಾರಕದ ಬಳಿ ಎರಡು ನಿಮಿಷ ನಿಂತೆವು. ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು, ಒಂದು ಕಾಲಿಗೆ ಕೃತಕ ಅಂಗ ಹಾಕಿಕೊಂಡು 143 ದಿನಗಳಲ್ಲಿ 5,373 ಕಿಲೋಮೀಟರ್ ಓಡಿದ ಆ ಹುಡುಗ 1980ರ ಸೆಪ್ಟೆಂಬರ್ 1ರಂದು ಈ ಊರಿನ ಬಳಿ ಓಟ ನಿಲ್ಲಿಸಬೇಕಾಯಿತು. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿತ್ತು. ಮಗಳು ಶಾಲೆಯಲ್ಲಿ ಓದಿದ್ದಳು. ಕಾರಿನಿಂದ ಇಳಿಯಲೇಬೇಕೆಂದು ಹಟ ಹಿಡಿದು, ರೆಪ್ಪೆಗಳ ಮೇಲೆ ಹಿಮದ ಪುಡಿ ಕಟ್ಟಿಸಿಕೊಂಡು ಬಂದಳು.

ಕೆನೋರಾ, ವಿನಿಪೆಗ್ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ, ಚಳಿಯೊಂದನ್ನು ಬಿಟ್ಟರೆ. ವಿನಿಪೆಗ್ಗಿನಲ್ಲಿ ಕಾರು ನಿಲ್ಲಿಸುವ ಜಾಗಗಳಲ್ಲಿ ಸಾಲಾಗಿ ವಿದ್ಯುತ್ ಪ್ಲಗ್ಗಿನ ಕಂಬಗಳಿವೆ, ಕೊಟ್ಟಿಗೆಯಲ್ಲಿ ದನ ಕಟ್ಟಿದ ಹಾಗೆ ಕಾರುಗಳನ್ನು ವಯರಿನಿಂದ ಕಟ್ಟಿರುತ್ತಾರೆ. ಮೈನಸ್ 36ರ ಆ ಬೆಳಿಗ್ಗೆ ನಮ್ಮ ಇಂಜಿನ್ ಒಂದೇ ಸಲಕ್ಕೆ ಎದ್ದಿತು. ಬ್ಲಾಕ್ ಹೀಟರಿಗೆ ಕೊಟ್ಟ ಹಣ ಅಲ್ಲಿಗೆ ಸಂದಿತು.

ರೆಜೈನಾ ದಾರಿ ನನಗೆ ಎಲ್ಲಕ್ಕಿಂತ ಕಷ್ಟವಾದದ್ದು. ಕಾಡಿಲ್ಲ, ತಿರುವಿಲ್ಲ, ರಸ್ತೆ ನಾಲ್ಕು ಪಥ, ಸುಲಭವೆಂದುಕೊಂಡಿದ್ದೆ. ಆದರೆ ಬಯಲು ಸೀಮೆಯ ಗಾಳಿಗೆ ತಡೆಯೇ ಇಲ್ಲ. ಮೇಲೆ ನೀಲಿ ಆಕಾಶ, ಕೆಳಗೆ ಮೊಣಕಾಲೆತ್ತರಕ್ಕೆ ಹಿಮ ರಸ್ತೆಗೆ ಅಡ್ಡಲಾಗಿ ಹಾವಿನಂತೆ ಹರಿಯುತ್ತಲೇ ಇರುತ್ತದೆ. ರಸ್ತೆ ಓಡುತ್ತಿದೆಯೋ ಕಾರು ಓಡುತ್ತಿದೆಯೋ ತಿಳಿಯದೆ ತಲೆ ಸುತ್ತುತ್ತದೆ. ಅರ್ಧ ಗಂಟೆಗೊಮ್ಮೆ ಚಾಲಕರನ್ನು ಬದಲಿಸಿದೆವು. ಫೋನಿನಲ್ಲಿ ಅಮ್ಮ, “ಗಿಡ ಹೋದರೆ ಹೋಗಲಿ ಮಗಳೇ, ನೀವು ಹುಷಾರು” ಎಂದಳು. ಅವಳಿಗೆ ನಾನು ಜಾರಿದ ಸಂಗತಿ ಹೇಳಿರಲಿಲ್ಲ.

ಮೆಡಿಸಿನ್ ಹ್ಯಾಟ್‌ನಲ್ಲಿ ಒಂದು ರಾತ್ರಿ. ಅಲ್ಲಿಯೇ ನನ್ನ ಎಚ್ಚರಿಕೆ ತಪ್ಪಿತು. ಗಿಡವನ್ನು ಕಿಟಕಿಯ ಕೆಳಗೆ ಇಟ್ಟು ಮಲಗಿಬಿಟ್ಟೆ. ಬೆಳಿಗ್ಗೆ ನೋಡಿದರೆ ಗಾಜಿನ ಒಳಮೈಯಲ್ಲಿ ಮಂಜುಗಡ್ಡೆ ಕಟ್ಟಿತ್ತು, ಗಾಜಿಗೆ ತಾಗಿದ ಗೆಲ್ಲಿನ ಎಲೆಗಳು ಕಪ್ಪಾಗಿದ್ದವು. ಮಿಕ್ಕವು ಕೂಡ ಕ್ಯಾಲ್ಗರಿಯವರೆಗಿನ 300 ಕಿಲೋಮೀಟರಿನಲ್ಲಿ ಒಂದೊಂದಾಗಿ ಉದುರುತ್ತಾ ಬಂದವು. ಹೊಸ ಮನೆಯಲ್ಲಿ ಗಿಡವನ್ನು ಒಲೆಯ ಪಕ್ಕದ ಬೆಚ್ಚನೆಯ ಮೂಲೆಯಲ್ಲಿ ಇಟ್ಟೆ. ಉಗುರಿನಿಂದ ಕಾಂಡ ಕೆರೆದು ನೋಡಿದೆ, ಒಳಗೆ ಹಸಿರಿತ್ತು.

ಸಾಮಾನಿನ ಲಾರಿ ಬರಲು ಇನ್ನೂ ನಾಲ್ಕು ದಿನವಿತ್ತು. ಕೈಯಲ್ಲಿದ್ದದ್ದು ಒಂದು ಬಾಣಲೆ, ಬರುವ ದಾರಿಯಲ್ಲಿ ಕೊಂಡ ರವೆ, ಈರುಳ್ಳಿ, ಎಣ್ಣೆ, ಸಾಸಿವೆ. ಸಾಸಿವೆ ಸಿಡಿಯುವ ಹೊತ್ತಿಗೆ ಮಗಳು ಕೆಳಗಿನಿಂದ ಓಡಿಬಂದು ಅಂಗೈ ಚಾಚಿದಳು. ಕಾರಿನ ಮ್ಯಾಟಿನ ಮೇಲಿಂದ ಹೆಕ್ಕಿದ ಹದಿನೇಳು ಎಲೆ. ತೊಳೆದು ಒಗ್ಗರಣೆಗೆ ಹಾಕಿದೆ.