ಬೀದರಿನ ಕೆಂಪು ಕಲ್ಲು, ಆರು ಜಿಬಿ ಕಾರ್ಡು

ಬೀದರಿನ ಕೆಂಪು ಕಲ್ಲಿಗೆ ಮೈತುಂಬ ತೂತು. ಮಳೆನೀರು ಅದರೊಳಗೆ ಇಳಿದು, ಕೆಳಗಿನ ಕರಿಕಲ್ಲಿನ ಪದರದ ಮೇಲೆ ನಿಲ್ಲುತ್ತದೆ. ನೌಬಾದಿನ ಕರೇಜ್ ಎಂಬ ಹಳೆಯ ನೀರಿನ ಸುರಂಗಕ್ಕೆ ನೀರು ಬರುವುದೂ ಹಾಗೆಯೇ. ಈ ಕಲ್ಲಿನೊಳಗೆ ನೀರು ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ.

ಬಳಸಿದ್ದು, ದ್ರವವನ್ನು ಕೋಶದಿಂದ ಕೋಶಕ್ಕೆ ದಾಟಿಸುತ್ತ ಹರಿವಿನ ಲೆಕ್ಕ ಹಾಕುವ ಲ್ಯಾಟಿಸ್ ಬೋಲ್ಟ್ಸ್‌ಮನ್ ವಿಧಾನ. ಕಲ್ಲಿನ ಮೂರು ಆಯಾಮದ ಸ್ಕ್ಯಾನ್ ಚಿತ್ರವನ್ನು ಪುಟ್ಟ ಪುಟ್ಟ ಕೋಶಗಳಾಗಿ ಒಡೆಯಬೇಕು. ಪ್ರತಿ ಕೋಶಕ್ಕೆ 19 ಸಂಖ್ಯೆ: 18 ದಿಕ್ಕಿಗೆ ಎಷ್ಟೆಷ್ಟು ದ್ರವ ಹೊರಟಿದೆ, ಅಲ್ಲೇ ಎಷ್ಟು ನಿಂತಿದೆ ಎಂದು. ಪ್ರತಿ ಹೆಜ್ಜೆಯಲ್ಲೂ ಪಕ್ಕದ ಕೋಶಗಳ ಜೊತೆ ಮಾತ್ರ ವ್ಯವಹಾರ, ಹಾಗಾಗಿ ಸಾವಿರಾರು ಲೆಕ್ಕ ಒಟ್ಟಿಗೆ ಮಾಡುವ ಗ್ರಾಫಿಕ್ಸ್ ಕಾರ್ಡಿಗೆ, ಅಂದರೆ ಜಿಪಿಯುಗೆ, ಹೇಳಿ ಮಾಡಿಸಿದಂತಿದೆ.

ನನ್ನ ಜಿಟಿಎಕ್ಸ್ 1660 ಸೂಪರ್ ಕಾರ್ಡಿನಲ್ಲಿ ಲೆಕ್ಕ ಮಾಡುವ 1408 ಕೋರ್ ಇವೆ. ಕಂಪ್ಯೂಟರಿನ ಮಾಮೂಲಿ ಸಿಪಿಯುಗಿಂತ ನೂರು ಪಟ್ಟು ವೇಗ ಬರಬೇಕು ಎಂಬುದು ನಮ್ಮ ಹುಡುಗರ ಲೆಕ್ಕ. ಅಷ್ಟೆಲ್ಲ ಬರುವುದಿಲ್ಲ. ಇಲ್ಲಿ ಗುಣಾಕಾರ ಕಡಿಮೆ, ಮೆಮೊರಿಯಿಂದ ತರುವುದು, ತಿರುಗಿ ಇಡುವುದೇ ಜಾಸ್ತಿ. ಎರಡು ಡಿಡಿಆರ್4-3200 ರ‍್ಯಾಮ್ ಸೇರಿ ಸೆಕೆಂಡಿಗೆ ಹೆಚ್ಚೆಂದರೆ 51 ಜಿಬಿ ಕೊಡುತ್ತವೆ, ಈ ಕಾರ್ಡ್ 336. ಆರೂವರೆ ಪಟ್ಟಿಗಿಂತ ಜಾಸ್ತಿ ಆಸೆ ಸುಮ್ನೆ.

ಆ ಆರೂವರೆ ಕೂಡ ತಾನಾಗಿ ಸಿಗುವುದಿಲ್ಲ. ಕಾರ್ಡಿನಲ್ಲಿ ಲೆಕ್ಕದ ಎಳೆಗಳು, ಅಂದರೆ 32 ಥ್ರೆಡ್‌ಗಳು ಒಟ್ಟಿಗೆ ನಡೆಯುತ್ತವೆ. ಅವು ಕೇಳುವ ಸಂಖ್ಯೆಗಳು ಮೆಮೊರಿಯಲ್ಲಿ ಅಕ್ಕಪಕ್ಕ ಇರಬೇಕು. ಬಸ್ಸಿನ ಮಂದಿಯೆಲ್ಲ ಒಂದೇ ಸ್ಟಾಪಿನಲ್ಲಿ ಇಳಿದರೆ ಬಸ್ ಒಮ್ಮೆ ನಿಂತರೆ ಸಾಕು, ಅಲ್ವಾ? ಅದಕ್ಕೇ ಒಂದು ಕೋಶದ 19 ಸಂಖ್ಯೆಗಳನ್ನು ಒಟ್ಟಿಗೆ ಇಡದೆ, ಒಂದು ದಿಕ್ಕಿಗೆ ಒಂದರಂತೆ 19 ಬೇರೆ ಬೇರೆ ಅರೇ (ಸಂಖ್ಯೆಗಳ ಸಾಲು) ಮಾಡಿದೆ.

ಇನ್ನು ಜಾಗದ ಸಮಸ್ಯೆ. 400×400×400 ಅಂದರೆ 6.4 ಕೋಟಿ ಕೋಶ. ಒಂದಕ್ಕೆ 19 ಸಂಖ್ಯೆ, ತಲಾ 4 ಬೈಟ್, ಎರಡು ಪ್ರತಿ (ಈಗಿನ ಹೆಜ್ಜೆಗೊಂದು, ಮುಂದಿನದಕ್ಕೊಂದು): 152 ಬೈಟ್. ಒಟ್ಟು 9.7 ಜಿಬಿ. ಕಾರ್ಡಿನಲ್ಲಿರುವುದು 6. ಆದರೆ ನೀರು ಹರಿಯುವುದು ತೂತಿನಲ್ಲಿ ಮಾತ್ರ, ಗಟ್ಟಿ ಕಲ್ಲಿಗೆ ಯಾಕೆ ಮೆಮೊರಿ? ತೂತಿನ ಕೋಶಗಳನ್ನಷ್ಟೇ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಅದರ 18 ನೆರೆಯವರ ನಂಬರ್ ಬರೆದಿಟ್ಟೆ. ಕೋಶಕ್ಕೆ 72 ಬೈಟ್ ಹೆಚ್ಚಾಯಿತು ನಿಜ. ಆದರೂ ತೂತಿನ ಪಾಲು ಶೇ. 30 ಇದ್ದಾಗ ಒಟ್ಟು ಸುಮಾರು 4.3 ಜಿಬಿ. ಆರಾಮಾಗಿ ಹಿಡಿಸಿತು. ಯಾವ ಕಡೆಗೂ ಸೇರದ ಒಂಟಿ ತೂತುಗಳನ್ನು ಮೊದಲೇ ತೆಗೆದು ಹಾಕಿದರೆ ಇನ್ನೂ ಉಳಿತಾಯ.

ಉತ್ತರ ಸರಿಯೇ ಎಂದು ನೋಡಲು ಮೊದಲು ಎರಡು ಸಮತಟ್ಟು ಹಲಗೆಗಳ ಸಂದಿಯಲ್ಲಿ ನೀರು ಹರಿಸಿ. ಅಲ್ಲಿ ಪರ್ಮಿಯಬಿಲಿಟಿ, ಅಂದರೆ ನೀರು ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬ ಅಳತೆ, ಸಂದಿಯ ಅಗಲದ ವರ್ಗದ ಹನ್ನೆರಡನೇ ಒಂದು ಭಾಗ ಬರಲೇಬೇಕು. ಆಮೇಲೆ ದ್ರವದ ಸ್ನಿಗ್ಧತೆ ಬದಲಿಸಿ ನೋಡಿ, ಉತ್ತರ ಅಲುಗಬಾರದು. ಒಂದೇ ರಿಲ್ಯಾಕ್ಸೇಶನ್ ಸಮಯದ (ಕೋಶದ ಸಂಖ್ಯೆಗಳು ಸಮತೋಲಕ್ಕೆ ಮರಳಲು ಹಿಡಿಯುವ ಸಮಯ) ಸರಳ ಕೋಡಿನಲ್ಲಿ ಅದು ಅಲುಗುತ್ತದೆ, ಹಾಗಾಗಿ ನಾನು ಎರಡು ಸಮಯದ ವಿಧಾನವನ್ನೇ ಇಟ್ಟುಕೊಂಡಿದ್ದೇನೆ.

ಬೇಸಿಗೆಯಲ್ಲಿ ರಾತ್ರಿ ಓಡಿಸುವುದು ಮೇಲು. ಹಗಲಿನ ಸೆಕೆಗೆ ಕಾರ್ಡ್ ತಾನೇ ವೇಗ ಇಳಿಸುತ್ತದೆ. ನಡುನಡುವೆ ಡಿಸ್ಕಿಗೆ ಸೇವ್ ಮಾಡುತ್ತಿರಿ, ಕರೆಂಟ್ ಹೇಳಿ ಹೋಗುವುದಿಲ್ಲ.