ಫೈಲಿನ ಮೇಲೆ ಹುತ್ತ

ವ್ಯಂಗ್ಯಚಿತ್ರ ಅಂದ್ರೆ ಈಗ ಮೊಬೈಲಿಗೆ ಬರೋ ಮೀಮು ಅಷ್ಟೇ ಅನ್ನೋ ಹಾಗಾಗಿದೆ, ನಾನು ಮಾಡೋದು ಲಿನೋ ಅನ್ನೋ ಮೆತ್ತನೆ ಶೀಟ್ ಕೆತ್ತಿ ಇಂಕ್ ಹಚ್ಚಿ ಕಾಗದಕ್ಕೆ ಒತ್ತೋ ಪ್ರಿಂಟು. ಈ ಮಲೆನಾಡಲ್ಲಿ ಪ್ರೆಸ್ ಎಲ್ಲಿ ಹುಡ್ಕೋದು, ಸ್ಟೀಲ್ ಸೌಟಿನ ಬೆನ್ನಲ್ಲಿ ತಿಕ್ಕಿದ್ರೆ ಸಾಕು.

ಹಕ್ಕುಪತ್ರದ ಬಗ್ಗೆ ಏನಾದ್ರೂ ಮಾಡ್ಬೇಕು ಅಂತಿತ್ತು. ಲಿಂಗನಮಕ್ಕಿ ಡ್ಯಾಮ್ ಮುಗಿದಿದ್ದು 1964ರಲ್ಲಿ, ಮುಳುಗಡೆ ಆದೋರ ಮೊಮ್ಮಕ್ಕಳು ಈಗ್ಲೂ ಅರ್ಜಿ ಹಿಡ್ಕೊಂಡು ಓಡಾಡ್ತಿದಾರೆ. ಯಾವ್ದಾದ್ರೂ ಮಂತ್ರಿ ಮೂಗು ಉದ್ದ ಮಾಡಿ ಬಿಡ್ಬಹುದಿತ್ತು, ಆದ್ರೆ ಎಲೆಕ್ಷನ್ ಮುಗೀತಿದ್ದಂಗೆ ಆ ಮೂಗು ಯಾರಿಗೆ ಬೇಕು? ಇಂಗ್ಲೆಂಡಿನ ಜೇಮ್ಸ್ ಗಿಲ್ರೇ 1805ರಲ್ಲಿ ಮಾಡಿದ ಪ್ರಿಂಟ್ ನೋಡಿ, ಪ್ರಧಾನಿ ಪಿಟ್ಟು ನೆಪೋಲಿಯನ್ನು ಎದುರುಬದುರು ಕೂತು ಭೂಗೋಳಾನೇ ತಟ್ಟೇಲಿಟ್ಕೊಂಡು ಕೊಯ್ಕೊಳ್ತಿದಾರೆ, ಇಬ್ರೂ ಯಾರು ಅಂತ ಗೊತ್ತಿಲ್ದೋರಿಗೂ ವಿಷ್ಯ ತಿಳಿಯುತ್ತೆ. ನಮ್ಮೋರಿಗೆ ಹಾಗೆ ಥಟ್ಟಂತ ತಿಳಿಯೋದು ಏನು ಅಂತ ಯೋಚ್ನೆ ಮಾಡ್ತಿದ್ದಾಗ ಹುತ್ತ ಹೊಳೀತು.

ಟೇಬಲ್ ಮೇಲೆ ಫೈಲು, ಫೈಲಿಗೆ ಗೆದ್ದಲು ಹಿಡ್ದು ಸೀಲಿಂಗ್ ಫ್ಯಾನ್ ಮುಟ್ಟೋಷ್ಟು ಎತ್ತರಕ್ಕೆ ಹುತ್ತ ಬೆಳ್ದಿದೆ, ಒಬ್ಬ ಅಜ್ಜಿ ಕಣ್ಮುಚ್ಕೊಂಡು ಭಕ್ತಿಯಿಂದ ಹಾಲೆರೀತಿದಾಳೆ. ಗುಮಾಸ್ತ ಕಾಣಲ್ಲ, ಹುತ್ತದ ಹಿಂದಿಂದ ಕೈ ಮಾತ್ರ ಚಾಚಿದೆ. ಗೋಡೆ ಮೇಲೆ "ನಾಳೆ ಬಾ" ಅಂತ ಬರ್ದಿದೆ, ದೆವ್ವ ಒಳಗ್ ಬರ್ದೇ ಇರ್ಲಿ ಅಂತ ಹಿಂದೆ ಬಾಗಿಲ ಮೇಲೆ ಬರೀತಿದ್ರಲ್ಲ, ಅದೇ.

ಕೆತ್ತೋವಾಗ ಅಕ್ಷರ ಉಲ್ಟಾ ಇರ್ಬೇಕು, ಬಟರ್ ಪೇಪರಲ್ಲಿ ಬರ್ದು ತಿರುಗಿಸಿ ಕಾರ್ಬನ್ ಇಟ್ಟು ಟ್ರೇಸ್ ಮಾಡ್ತೀನಿ. ನಾವು ಕೆತ್ತಿ ತೆಗ್ದ ಜಾಗ ಬಿಳಿ, ಉಳಿಸಿದ್ದು ಕಪ್ಪು. ಹಾಗಾಗಿ ಹಾಲಿನ ಧಾರೆಗೆ ಒಂದೇ ಗೀರು, ಅದೂ ಕೈ ನಡುಗದೆ ಒಂದೇ ಎಳೆತಕ್ಕೆ ಬರ್ಬೇಕು, ಮತ್ತೆ ತಿದ್ದೋಕೆ ಹೋದ್ರೆ ಧಾರೆ ಹೋಗಿ ಹಗ್ಗ ಆಗುತ್ತೆ. ಮಳೆಗಾಲದಲ್ಲಿ ಎಣ್ಣೆ ಇಂಕ್ ಒಣಗೋ ಕತೆ ಕೇಳ್ಬೇಡಿ, ಅಟ್ಟದಲ್ಲಿ ದಾರ ಕಟ್ಟಿ ನೇತುಹಾಕಿ ಮರ್ತುಬಿಡೋದೇ.

ಕೇಸ್ ಬೀಳಲ್ವಾ ಅಂತ ಕೇಳ್ತಾರೆ. ಫ್ರಾನ್ಸಲ್ಲಿ ದೊಮಿಯೇ ಅನ್ನೋನು ರಾಜ ಜನರ ದುಡ್ಡು ಬುಟ್ಟಿಗಟ್ಲೆ ನುಂಗ್ತಿರೋ ಹಾಗೆ ಬರ್ದು 1832ರಲ್ಲಿ ಜೈಲಿಗೇ ಹೋದ. ನನ್ ಪ್ರಿಂಟಲ್ಲಿ ಮುಖಾನೇ ಇಲ್ವಲ್ಲ, ಕೇಸ್ ಹಾಕೋರು ಆ ಕೈ ನಂದು ಅಂತ ಮೊದ್ಲು ಒಪ್ಕೋಬೇಕು.

ಆಫೀಸ್ ಎದುರಿನ ಹೋಟೆಲಲ್ಲಿ ತೂಗುಹಾಕಿದ್ವಿ. ಟೀಗೆ ಬಂದ ಗುಮಾಸ್ತರೊಬ್ರು ಬಿದ್ದುಬಿದ್ದು ನಕ್ಕು, "ಸರ್ವೆಯೋರ್ದೇ ಅಲ್ವಾ ಮಾರಾಯ್ರೆ ಇದು" ಅಂದ್ರು. ಸರ್ವೆಯೋರು ಬಂದು ಫಾರೆಸ್ಟ್‌ನೋರ್ದು ಅಂದ್ರು. ಫಾರೆಸ್ಟ್‌ನೋರು ಇನ್ನೂ ಟೀಗೆ ಬಂದಿಲ್ಲ.