ಚಾರ್ಮಾಡಿ ಘಾಟಿಯ ಚಳಿಯಲ್ಲಿ ಕಾರಿನ ಗಾಜು ಮಸುಕಾಗದಂತೆ ಹೀಟರ್ ಬಳಸಿದ ಕ್ರಮ

ಮಂಗಳೂರಿನಲ್ಲಿ ಹೀಟರ್ ಮುಟ್ಟುವ ಪ್ರಸಂಗವೇ ಬಾರದು. ಆದರೆ ಡಿಸೆಂಬರಿನ ಮುಂಜಾನೆ ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರ ಸಮೀಪಿಸುವಾಗ ಮುಂದಿನ ಗಾಜು ಒಳಗಿನಿಂದ ಮಸುಕಾಗಿ, ತಿರುವುಗಳೇ ಕಾಣುತ್ತಿರಲಿಲ್ಲ.

ಬಟ್ಟೆಯಿಂದ ಒರೆಸಿದರೆ ಎರಡೇ ನಿಮಿಷದಲ್ಲಿ ಮತ್ತೆ ಮಸುಕಾಗುತ್ತಿತ್ತು. ಎಸಿಯನ್ನು ತೀರಾ ತಣ್ಣಗೆ ಇಟ್ಟಾಗ ಗಾಜಿನ ಹೊರಮೈಯೂ ಹನಿಗಟ್ಟಿತು. ಹೀಟರ್ ಹಾಕಿದಾಗಲಂತೂ ಮಸುಕು ಹೆಚ್ಚಿತು. ಏಕೆಂದರೆ ಊರಿನ ಧೂಳಿಗಾಗಿ ಸದಾ ಒತ್ತಿಟ್ಟಿದ್ದ, ಒಳಗಿನ ಗಾಳಿಯನ್ನೇ ಸುತ್ತಿಸುವ ಬಾಗಿದ ಬಾಣದ ಗುಂಡಿಯಿಂದಾಗಿ ನಾಲ್ವರ ಉಸಿರಿನ ತೇವ ಹೊರಹೋಗುತ್ತಿರಲಿಲ್ಲ.

ಫಲಿಸಿದ ಕ್ರಮ ಹೀಗಿದೆ. ಹೀಟರಿಗೆ ಶಾಖ ಬರುವುದು ಎಂಜಿನ್ನನ್ನು ತಂಪಾಗಿಡುವ ದ್ರವವಾದ ಕೂಲಂಟ್‌ನಿಂದಾದ್ದರಿಂದ, ಎಂಜಿನ್ ಬಿಸಿಯಾಗುವವರೆಗೆ ಕಾಯಬೇಕು. ಬಳಿಕ ಆ ಬಾಣದ ಗುಂಡಿಯನ್ನು ಆಫ್ ಮಾಡಿ ಹೊರಗಾಳಿಯನ್ನು ಒಳಬಿಟ್ಟು, ಗಾಳಿಯ ದಿಕ್ಕನ್ನು ಮುಂದಿನ ಗಾಜಿಗೆ ತಿರುಗಿಸಿ, ಉಷ್ಣತೆಯನ್ನು ಕೆಂಪು ತುದಿಗೆ, ಫ್ಯಾನನ್ನು ಮೂರಕ್ಕೆ ಇಟ್ಟು, ಕೊನೆಯಲ್ಲಿ ಎಸಿಯನ್ನೂ ಒತ್ತಬೇಕು. ಬಿಸಿಗಾಳಿಯ ಜೊತೆ ಎಸಿ ಏಕೆಂದು ನಾನು ಬಹುಕಾಲ ಒಪ್ಪಿರಲಿಲ್ಲ; ಗಾಳಿಯ ತೇವವನ್ನು ಹೀರುವುದು ಅದೇ. ಗಾಜು ತಿಳಿಯಾದ ಮೇಲೆ ಉಷ್ಣತೆಯನ್ನು ನಡುವಿಗೆ, ಫ್ಯಾನನ್ನು ಒಂದಕ್ಕೆ ಇಳಿಸಿದರೂ ಹೊರಗಾಳಿಯನ್ನು ಮುಚ್ಚಬಾರದು.

ಒದ್ದೆ ಮ್ಯಾಟ್‌ಗಳನ್ನು ಮೊದಲೇ ತೆಗೆದಿಡಬೇಕು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸುವುದಾಗಲಿ, ನಿಂತ ಕಾರಿನಲ್ಲಿ ಹೀಟರ್ ಹಾಕಿ ಮಲಗುವುದಾಗಲಿ ಸಲ್ಲದು. ಎಂಜಿನ್ನಿನ ಹೊಗೆಯಲ್ಲಿರುವ ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ.